ಟ್ರೇನಿನ ಗೆಳತಿಯರಿಗೆ, ಅತ್ತೆಗೆ, ಇನ್ನೂ ಕೆಲವರಿಗೆ

ಹೋದ ವಾರ ನನ್ನ ಪಿಎಚ್‌.ಡಿ. ವೈವಾ ಮುಗಿಯಿತು. ಏಳು ವರ್ಷ ಹಿಡಿಯಿತು. ಐದರಲ್ಲೇ ಮುಗಿಸುತ್ತೇನೆ ಅಂತ ಊರೆಲ್ಲ ಹೇಳಿಕೊಂಡು ಓಡಾಡಿದ್ದೆ, ಆ ಮಾತು ಬಿಡಿ. ಪ್ರಬಂಧದ ಮೊದಲ ಪುಟದಲ್ಲಿ ಕೃತಜ್ಞತೆ ಬರೆದಿದ್ದೇನೆ. ಆದರೆ ಅದು ಇಂಗ್ಲಿಷಿನಲ್ಲಿದೆ, ಮತ್ತು ನಾನು ಥ್ಯಾಂಕ್ಸ್ ಹೇಳಬೇಕಾದ ಅರ್ಧ ಜನ ಅದನ್ನು ಯಾವತ್ತೂ ತೆರೆದು ನೋಡುವುದಿಲ್ಲ. ಅದಕ್ಕೇ ಈ ಬರಹ.

ಗದಗಿನಲ್ಲಿ ಪಿಯು ಹುಡುಗರಿಗೆ ಫಿಸಿಕ್ಸ್ ಕಲಿಸುವುದು ನನ್ನ ಕೆಲಸ. ಗೈಡ್ ಇದ್ದದ್ದು ಧಾರವಾಡದಲ್ಲಿ. ವಿಷಯ ಮಾತ್ರ ಧ್ರುವದ ಕಡೆಯದು. ಅಲ್ಲಿ ಬೇಸಿಗೆಯಲ್ಲಿ, ನೆಲದಿಂದ 80-90 ಕಿಲೋಮೀಟರ್ ಮೇಲಕ್ಕೆ ರೇಡಾರ್ ಅಲೆ ಕಳಿಸಿದರೆ ಭಾರಿ ಜೋರಾದ ಪ್ರತಿಧ್ವನಿ ವಾಪಸ್ ಬರುತ್ತದೆ. 1979ರಲ್ಲಿ ಅಲಾಸ್ಕಾದ ಪೋಕರ್ ಫ್ಲಾಟ್‌ನ ರೇಡಾರ್‌ನಲ್ಲಿ ಇದು ಕಂಡಿತು. ಅಷ್ಟು ಎತ್ತರದಲ್ಲಿ ಗಾಳಿಯೇ ಇಲ್ಲದಷ್ಟು ತೆಳು. ಹಾಗಾದರೆ ಅಲೆಯನ್ನು ತಿರುಗಿಸಿ ಕಳಿಸುವುದು ಏನು? ಎಲೆಕ್ಟ್ರಾನುಗಳು. ಗಾಳಿ ಕದಡಿದಾಗ ಅವು ಒಂದು ಕಡೆ ದಟ್ಟ, ಒಂದು ಕಡೆ ವಿರಳ ಆಗುತ್ತವೆ. ಸುಮ್ನೆ ಬಿಟ್ಟರೆ ಆ ಏರಿಳಿತ ಬೇಗ ಅಳಿಸಿಹೋಗಬೇಕು. ಆದರೆ ಅಲ್ಲಿ ಮಂಜುಗಡ್ಡೆಯ ಕಣಗಳಿವೆ, ನ್ಯಾನೊಮೀಟರಿನಲ್ಲಿ ಅಳೆಯುವಷ್ಟು ಸಣ್ಣವು. ಅವು ಎಲೆಕ್ಟ್ರಾನುಗಳನ್ನು ಮೈಗೆ ಅಂಟಿಸಿಕೊಂಡು ಚಾರ್ಜ್ ಆಗುತ್ತವೆ, ಉಳಿದ ಎಲೆಕ್ಟ್ರಾನುಗಳನ್ನೂ ಸುಲಭಕ್ಕೆ ಚದುರಲು ಬಿಡುವುದಿಲ್ಲ. ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದೇ ನನ್ನ ಸಂಶೋಧನೆ.

ಅತ್ತೆಗೆ ಇದೆಲ್ಲ ಹೇಳಿದಾಗ ಒಂದೇ ಪ್ರಶ್ನೆ ಕೇಳಿದರು. "ಬ್ಯಾಸಗ್ಯಾಗ ಬರ್ಫ್ ಎಲ್ಲಿಂದ ಬಂತವಾ?"

ಸರಿಯಾದ ಪ್ರಶ್ನೆ. ಆ ಎತ್ತರದಲ್ಲಿ ಧ್ರುವದ ಮೇಲೆ ಬೇಸಿಗೆಯಲ್ಲೇ ಥಂಡಿ ಜಾಸ್ತಿ, ಸುಮಾರು ಮೈನಸ್ 140 ಡಿಗ್ರಿ. ಬಿಸಿಲಿಗೂ ಅದಕ್ಕೂ ಸಂಬಂಧ ಇಲ್ಲ. ಬೇಸಿಗೆಯ ಧ್ರುವದ ಮೇಲೆ ಗಾಳಿ ಏರುತ್ತದೆ, ಏರಿದಂತೆ ಹಿಗ್ಗುತ್ತದೆ, ಹಿಗ್ಗಿ ತಣ್ಣಗಾಗುತ್ತದೆ. ನಾನು ಎಷ್ಟು ಹೇಳಿದರೂ ಅತ್ತೆ ಹೂಂ ಅನ್ನಲಿಲ್ಲ. ಕೊನೆಗೆ ಮಗ ಎದ್ದುಹೋಗಿ ಸೈಕಲ್ ತಂದ, ಅವರ ಬೆರಳನ್ನು ವಾಲ್ವ್ ಹತ್ತಿರ ಹಿಡಿದು ಗಾಳಿ ಬಿಟ್ಟ. "ಹೂಂ, ತಣ್ಣಗೈತಿ" ಅಂದರು. ಆಮೇಲೆ ಆ ಟೈರಿಗೆ ಗಾಳಿ ಹೊಡೆದವಳು ನಾನೇ. ಅತ್ತೆ, ಏಳು ವರ್ಷ ಬೆಳಗಿನ ರೊಟ್ಟಿ ನೀವೇ ಬಡಿದಿರಿ. ನಾನು ಒಂದು ದಿನವೂ ನೆಟ್ಟಗೆ ಥ್ಯಾಂಕ್ಸ್ ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ಗೈಡ್ ಸರ್‌ಗೆ. ಮೊದಲ ವರ್ಷವೇ ನಮ್ಮನ್ನು ತಿರುಪತಿ ಹತ್ತಿರದ ಗಾದಂಕಿಗೆ ಕರೆದೊಯ್ದು ರೇಡಾರ್ ತೋರಿಸಿದಿರಿ. ರೇಡಾರ್ ಅಂದರೆ ತಿರುಗುವ ಬುಟ್ಟಿ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ 1024 ಆಂಟೆನಾ, ಹೊಲದಲ್ಲಿ ಸಾಲು ಹಿಡಿದು ನಾಟಿ ಮಾಡಿದ ಹಾಗೆ. ನಮ್ಮ ಆಕಾಶ ಅಷ್ಟು ತಣ್ಣಗಿಲ್ಲ, ಧ್ರುವದ ಪ್ರತಿಧ್ವನಿ ಅಲ್ಲಿ ಸಿಗುವುದಿಲ್ಲ. ಆದರೂ ಅವತ್ತು ನೋಡಿದ್ದು ಏಳು ವರ್ಷಕ್ಕೆ ಸಾಕಾಯಿತು.

ಇನ್ನು ಟ್ರೇನು. ವಾರಕ್ಕೆ ಎರಡು ಸಲ ಗದಗಿನಿಂದ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಧಾರವಾಡ. ಟ್ರೇನಿನಲ್ಲಿ ನಮ್ಮದು ನಾಲ್ಕು ಹೆಂಗಸರ ಗುಂಪು. ನಾಲ್ಕನೇ ವರ್ಷ ನನ್ನ ಕಂಪ್ಯೂಟರ್ ಮಾಡೆಲ್ ಪೂರ್ತಿ ಕೈಕೊಟ್ಟಿತ್ತು. ನಾರ್ವೆಯ ಟ್ರೋಮ್ಸೊದಲ್ಲಿ ಜೋರಾದ ರೇಡಿಯೋ ಅಲೆ ಬಿಟ್ಟು ಆ ಎತ್ತರದ ಎಲೆಕ್ಟ್ರಾನುಗಳನ್ನು ಬಿಸಿ ಮಾಡುತ್ತಾರೆ. ಬಿಸಿ ಮಾಡಿದ ಕೂಡಲೇ ಏರಿಳಿತ ಬೇಗ ಚದುರಿ ಪ್ರತಿಧ್ವನಿ ಕುಗ್ಗುತ್ತದೆ. ನಿಲ್ಲಿಸಿದರೆ ಮೊದಲಿಗಿಂತಲೂ ಜೋರಾಗಿ ವಾಪಸ್ ಬರುತ್ತದೆ, ಯಾಕಂದರೆ ಬಿಸಿ ಇದ್ದಷ್ಟು ಹೊತ್ತು ಕಣಗಳಿಗೆ ಇನ್ನಷ್ಟು ಎಲೆಕ್ಟ್ರಾನುಗಳು ಅಂಟಿರುತ್ತವೆ. (ಇದನ್ನು ಬದುಕಿಗೆ ಹೋಲಿಸಬೇಡ ಅಂತ ಮನೆಯವರು ಮೊದಲೇ ತಾಕೀತು ಮಾಡಿದ್ದಾರೆ.) ನನ್ನ ಲೆಕ್ಕದಲ್ಲಿ ಮಾತ್ರ ಪ್ರತಿಧ್ವನಿ ಬೇಗ ಕುಗ್ಗುತ್ತಲೇ ಇರಲಿಲ್ಲ. ನಾಲ್ಕು ತಿಂಗಳು ಹುಡುಕಿದೆ.

ಒಂದು ದಿನ ಅಣ್ಣಿಗೇರಿ ದಾಟಿದ ಮೇಲೆ ಪಕ್ಕದ ಗೆಳತಿ ನನ್ನ ನೋಟ್‌ಬುಕ್ ಇಣುಕಿದರು. ಅವರು ನರ್ಸ್. ಪುಟದಲ್ಲಿ ಎರಡು ಸಾಲಿತ್ತು. 50 ಮೆಗಾಹರ್ಟ್ಸ್ ರೇಡಾರಿಗೆ ಅಲೆಯ ಉದ್ದ 6 ಮೀಟರ್, ಅದರ ಕೆಳಗೆ 3. ಟ್ರೋಮ್ಸೊದ 224 ಮೆಗಾಹರ್ಟ್ಸ್ ರೇಡಾರಿಗೆ 1.34 ಮೀಟರ್, ಕೆಳಗೆ ಮತ್ತೆ 1.34.

"ಮೊದಲನೇದಕ್ಕ ಅರ್ಧ ಮಾಡೀರಿ, ಎರಡನೇದಕ್ಕ ಯಾಕ ಮಾಡಿಲ್ರಿ ಟೀಚರ್?"

ನನಗೆ ಮಾತೇ ಹೊರಡಲಿಲ್ಲ. ಅಲೆ ಹೋಗಿ ವಾಪಸ್ ಬರಬೇಕು, ಅದಕ್ಕೇ ರೇಡಾರಿಗೆ ಕಾಣುವುದು ಅರ್ಧ ಅಲೆಯಷ್ಟು ಅಂತರದ ಏರಿಳಿತ. ಎಂ.ಎಸ್ಸಿ. ಹುಡುಗರಿಗೂ ಗೊತ್ತಿರುವ ಮಾತು. 67 ಸೆಂಟಿಮೀಟರ್ ಹಾಕಬೇಕಾದಲ್ಲಿ ನಾನು ಎರಡರಷ್ಟು ಹಾಕಿದ್ದೆ. ಏರಿಳಿತ ಚದುರಲು ಹಿಡಿಯುವ ಸಮಯ ಅಂತರದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ತಪ್ಪು ನಾಲ್ಕು ಪಟ್ಟು.

"ನಾವು ಇಂಜೆಕ್ಷನ್ ಡೋಸ್ ಇಬ್ಬರು ನೋಡಿ ಕೊಡ್ತೀವ್ರಿ. ನೀವು ಒಬ್ಬರ ನೋಡ್ತೀರೇನು?" ಅಂದರು ಅವರು. ನಗಲೂ ಇಲ್ಲ.

ಅವತ್ತು ರಾತ್ರಿ ಒಂದು ಅಂಕಿ ಬದಲಿಸಿ ಪ್ರೋಗ್ರಾಮ್ ಓಡಿಸಿದೆ. ಒಂದೂವರೆಗೆ ಕರೆಂಟ್ ಹೋಯಿತು, ಪಕ್ಕದ ಟೇಲರ್ ಅಂಕಲ್ ಮೊದಲೇ ತಮ್ಮ ಇನ್ವರ್ಟರಿನಿಂದ ವೈರ್ ಎಳೆದುಕೊಟ್ಟಿದ್ದರು, ಕೆಲಸ ನಿಲ್ಲಲಿಲ್ಲ. ಮೂರರ ಹೊತ್ತಿಗೆ ಪ್ರತಿಧ್ವನಿಯ ಗೆರೆ ಸರ್ರನೆ ಕೆಳಗಿಳಿದು, ಬಿಸಿ ನಿಲ್ಲಿಸಿದಲ್ಲಿ ಮೊದಲಿನ ಮಟ್ಟ ದಾಟಿ ಮೇಲೆ ಹೋಯಿತು. ಎಲ್ಲ ಸರಿಹೋಯಿತು ಅಂತಲ್ಲ. ಕಣಗಳು ಚಾರ್ಜ್ ಆಗುವ ಲೆಕ್ಕ ತಿದ್ದಲು ಮತ್ತೆ ಎರಡು ವರ್ಷ ಬೇಕಾಯಿತು. ಆದರೆ ಆ ರಾತ್ರಿ ಆ ಗೆರೆ ಬರದಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ, ನಿಜ.

ಒಂದು ಕಚೇರಿಯಲ್ಲಿ ನನ್ನ ಫೈಲು ಎರಡು ಸಲ ಕಳೆಯಿತು. "ಗದಗಿನಾಗ ಕುಂತು ಧ್ರುವದ ಲೆಕ್ಕಾನ?" ಅಂತ ಒಬ್ಬರು ನಕ್ಕರು. ಅವರಿಗೆ ಥ್ಯಾಂಕ್ಸ್ ಇಲ್ಲ, ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

ವೈವಾದಲ್ಲಿ ಪರೀಕ್ಷಕರು ಆ 67 ಸೆಂಟಿಮೀಟರನ್ನೇ ಹಿಡಿದರು. ಯಾಕೆ, ಹೇಗೆ, ಬೋರ್ಡಿನ ಮೇಲೆ ಬರೆದು ತೋರಿಸಿ ಅಂದರು. ಬರೆದೆ. ಬರೆಯುವಾಗ ಅಣ್ಣಿಗೇರಿ ಸ್ಟೇಷನ್ ನೆನಪಾಗಿ ನಗು ಬಂತು, ತಡೆದುಕೊಂಡೆ.

ಗುರುವಾರ ಬೆಳಗಿನ ಟ್ರೇನಿಗೆ ಬರುತ್ತೇನೆ. ಲೈನ್ ಬಜಾರಿನ ಪೇಢೆ ತಂದಿಟ್ಟಿದ್ದೇನೆ, ಮಗನ ಕೈಗೆ ಸಿಗದ ಹಾಗೆ. ಯಾವಾಗಲೂ ಕೂರುವ ಜಾಗ ಹಿಡಿದಿಡಿ.