ಮಗಳಿಗೊಂದು ಪತ್ರ: ಒಂದೇ ದಿನ ಎರಡು ಬೆಟ್ಟ

ಪ್ರೀತಿಯ ಪುಟ್ಟಿ,

"ನಾಲ್ಕು ಮುಖ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ ಅಮ್ಮಾ?" ಅಂತ ನೀನು ಫೋನಿನಲ್ಲಿ ಕೇಳಿದೆ. ಅಮೆರಿಕದ ಮೌಂಟ್ ರಷ್‌ಮೋರ್ ಬೆಟ್ಟದಲ್ಲಿ ಕಡೆದ ಆ ಮುಖಗಳನ್ನು ನೋಡೋಕೆ ಹೋಗಲೇಬೇಕಿತ್ತು ಕಣೇ. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಿನೆಸೋಟಾ ದಾಟಿದ ಮೇಲೆ ಐ-90 ರಸ್ತೆ ಸುಮ್ನೆ ನೆಟ್ಟಗೆ ಹೋಗುತ್ತಲೇ ಇರುತ್ತದೆ. ಮೊದಲು ಮೆಕ್ಕೆಜೋಳದ ಹೊಲ, ಮಿಸೌರಿ ನದಿ ದಾಟಿದರೆ ಬರೀ ಹುಲ್ಲು. ಮಧ್ಯೆ ಮಧ್ಯೆ ವಾಲ್ ಡ್ರಗ್ ಅಂಗಡಿಯ ಬೋರ್ಡು, "ಐಸ್ ನೀರು ಉಚಿತ" ಅಂತ. ಬುತ್ತಿಯಲ್ಲಿದ್ದ ಪುಳಿಯೋಗರೆ ಖಾಲಿಯಾಗುವ ಹೊತ್ತಿಗೆ ದಕ್ಷಿಣ ಡಕೋಟಾ ರಾಜ್ಯದ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಕಂಡಿತು. ಪೈನ್ ಮರಗಳು ಎಷ್ಟು ದಟ್ಟ ಅಂದರೆ ದೂರಕ್ಕೆ ಬೆಟ್ಟವೇ ಕಪ್ಪಗೆ ಕಾಣುತ್ತದೆ.

ಮೌಂಟ್ ರಷ್‌ಮೋರ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ವಾಷಿಂಗ್ಟನ್, ಜೆಫರ್ಸನ್, ಥಿಯೋಡರ್ ರೂಸ್‌ವೆಲ್ಟ್, ಲಿಂಕನ್ ಇದ್ದಾರೆ. ಒಂದೊಂದು ಮುಖವೂ 60 ಅಡಿ. ನಮ್ಮ ಶ್ರವಣಬೆಳಗೊಳದ ಗೊಮ್ಮಟ ಅಡಿಯಿಂದ ಮುಡಿವರೆಗೆ ಸುಮಾರು 58 ಅಡಿ, ಅಂದರೆ ಇಲ್ಲಿ ಮುಖವೇ ಅಷ್ಟು! ಆದರೆ ಗೊಮ್ಮಟನನ್ನು ಕಡೆದದ್ದು ಉಳಿ, ಸುತ್ತಿಗೆಯಲ್ಲಿ. ಇಲ್ಲಿ ನೂರಕ್ಕೆ ತೊಂಬತ್ತು ಪಾಲು ಕಲ್ಲನ್ನು ತೆಗೆದದ್ದು ಡೈನಮೈಟ್. 1927ರಿಂದ 1941ರವರೆಗೆ ಸುಮಾರು 400 ಜನ ದುಡಿದರು. ಎಷ್ಟೋ ಜನ ಮೊದಲು ಗಣಿಯಲ್ಲಿದ್ದವರು. ದಿನಾ ಬೆಳಗ್ಗೆ 700 ಮೆಟ್ಟಿಲು ಹತ್ತಿ, ತೆಳ್ಳನೆ ಉಕ್ಕಿನ ಹಗ್ಗಕ್ಕೆ ಕಟ್ಟಿದ ಕುರ್ಚಿಯಲ್ಲಿ ಕೂತು ಬೆಟ್ಟದ ಮೈಮೇಲೆ ಜೋತಾಡುತ್ತಾ ಕೆಲಸ ಮಾಡಿದವರು. ಅಷ್ಟು ವರ್ಷದಲ್ಲಿ ಆ ಕೆಲಸದಲ್ಲಿ ಒಬ್ಬರೂ ಸಾಯಲಿಲ್ಲ. ಅದನ್ನು ಓದಿ ನನಗೆ ನಿಜಕ್ಕೂ ಕೈ ಮುಗಿಯಬೇಕು ಅನ್ನಿಸಿತು.

ಶಿಲ್ಪಿ ಗಟ್ಜನ್ ಬೋರ್ಗ್ಲಮ್ ಜೆಫರ್ಸನ್‌ನ ಮುಖವನ್ನು ಮೊದಲು ವಾಷಿಂಗ್ಟನ್‌ನ ಇನ್ನೊಂದು ಪಕ್ಕದಲ್ಲಿ ಶುರು ಮಾಡಿದ್ದನಂತೆ. ಕಲ್ಲು ಚೆನ್ನಾಗಿರಲಿಲ್ಲ. ಒಂದೂವರೆ ವರ್ಷದ ಕೆಲಸವನ್ನು ಸಿಡಿಸಿ ಹಾಕಿ, ಈ ಪಕ್ಕದಲ್ಲಿ ಮೊದಲಿನಿಂದ ಕೆತ್ತಿಸಿದ. ಅಪ್ಪ ದುರ್ಬೀನು ಕೊಟ್ಟು "ಕಣ್ಣು ನೋಡು" ಅಂದರು. ಕಣ್ಣಿನ ಗುಂಡಿಯ ಒಳಗೆ ಒಂದು ಕಲ್ಲಿನ ಗೂಟ ಹಾಗೇ ಬಿಟ್ಟಿದ್ದಾರೆ. ಅದರ ಮೇಲೆ ಬಿಸಿಲು ಬಿದ್ದಾಗ ಕಣ್ಣಲ್ಲಿ ಹೊಳಪು ಬರುತ್ತದೆ. ಅಷ್ಟೇ ಉಪಾಯ, ಆದರೆ ಜೀವ ಇದೆ ಅನ್ನಿಸುತ್ತದೆ.

ಕೆಳಗೆ ಶಿಲ್ಪಿಯ ಕೆಲಸದ ಮನೆಯಲ್ಲಿ ಪ್ಲಾಸ್ಟರ್ ಮಾದರಿ ಇದೆ. ಅದರಲ್ಲಿ 1 ಇಂಚು ಅಂದರೆ ಬೆಟ್ಟದಲ್ಲಿ 1 ಅಡಿ. ಮಾದರಿಯಲ್ಲಿ ನಾಲ್ವರೂ ಸೊಂಟದವರೆಗೆ ಇದ್ದಾರೆ. 1941ರಲ್ಲಿ ಬೋರ್ಗ್ಲಮ್ ತೀರಿಕೊಂಡ, ದುಡ್ಡೂ ಮುಗಿಯಿತು. ಅವನ ಮಗ ಸ್ವಲ್ಪ ತಿಂಗಳು ಮುಂದುವರಿಸಿ ನಿಲ್ಲಿಸಿದ.

ಇಲ್ಲಿಗೇ ಬಿಟ್ಟು ವಾಪಸ್ ಬಂದರೆ ಅರ್ಧ ಕಥೆ ಮಾತ್ರ ನೋಡಿದ ಹಾಗೆ. ಈ ಬೆಟ್ಟಗಳು ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರಿಗೆ ದೇವರ ಜಾಗ. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಇದು ಅವರದ್ದೇ ಅಂತ ಸರ್ಕಾರ ಬರೆದುಕೊಟ್ಟಿತ್ತು. 1874ರಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಸರ್ಕಾರ ಎಲ್ಲವನ್ನೂ ಕಿತ್ತುಕೊಂಡಿತು. ನೂರು ವರ್ಷ ಕಳೆದ ಮೇಲೆ, 1980ರಲ್ಲಿ, ಸುಪ್ರೀಂ ಕೋರ್ಟು ಅದಕ್ಕೆ ಪರಿಹಾರ ಕೊಡಲೇಬೇಕು ಅಂದಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಜಾಸ್ತಿ. ಅವರು ಅದನ್ನು ಮುಟ್ಟಿಲ್ಲ. ಬಡವರೇ, ಆದರೂ ನೆಲ ಮಾರಾಟಕ್ಕಿಲ್ಲ ಅನ್ನುತ್ತಾರೆ. ಈ ವಿಷಯ ತಿಳಿದ ಮೇಲೆ ಆ ನಾಲ್ಕು ಮುಖಗಳನ್ನು ಮೊದಲಿನ ಹಾಗೆ ನೋಡಲು ನನ್ನ ಕೈಲಿ ಆಗಲಿಲ್ಲ.

ಅದಕ್ಕೇ ಮಧ್ಯಾಹ್ನ ಕ್ರೇಜಿ ಹಾರ್ಸ್ ಬೆಟ್ಟಕ್ಕೆ ಹೋದೆವು. ಕ್ರೇಜಿ ಹಾರ್ಸ್ ಲಕೋಟಾ ಜನರ ವೀರ, ಅವನು ಕುದುರೆ ಮೇಲೆ ಕೂತಿರುವ ಹಾಗೆ ಆ ಬೆಟ್ಟವನ್ನು ಕಡೆಯುತ್ತಿದ್ದಾರೆ. ಅರ್ಧ ಗಂಟೆಯ ದಾರಿ. ಲಕೋಟಾ ನಾಯಕ ಹೆನ್ರಿ ಸ್ಟ್ಯಾಂಡಿಂಗ್ ಬೇರ್, ನಮ್ಮಲ್ಲೂ ವೀರರಿದ್ದಾರೆ ಅಂತ ಜಗತ್ತಿಗೆ ತಿಳಿಯಲಿ ಎಂದು ಕೊರ್ಚಾಕ್ ಜಿಯೋಲ್ಕೋವ್ಸ್ಕಿ ಎಂಬ ಶಿಲ್ಪಿಗೆ ಪತ್ರ ಬರೆದ. ಆ ಶಿಲ್ಪಿ ರಷ್‌ಮೋರ್‌ನಲ್ಲೂ ಸ್ವಲ್ಪ ದಿನ ಕೆಲಸ ಮಾಡಿದ್ದವನು. 1948ರಲ್ಲಿ ಇಲ್ಲಿ ಮೊದಲ ಸಿಡಿಮದ್ದು ಸಿಡಿಯಿತು. ಆಮೇಲೆ ಅವನು ಒಬ್ಬನೇ. 741 ಮರದ ಮೆಟ್ಟಿಲು ಹತ್ತಿ ಡ್ರಿಲ್ ಹಿಡಿಯುವಷ್ಟರಲ್ಲಿ ಅದಕ್ಕೆ ಗಾಳಿ ಒದಗಿಸುವ, ಕೆಳಗಿದ್ದ ಹಳೇ ಕಂಪ್ರೆಸರ್ ನಿಂತುಹೋಗುತ್ತಿತ್ತಂತೆ. ಮತ್ತೆ ಇಳಿ, ಅದನ್ನು ಶುರು ಮಾಡು, ಮತ್ತೆ ಹತ್ತು. ಸರ್ಕಾರ ಕೊಡಲು ಬಂದ ಹಣವನ್ನು ಅವನು ಎರಡು ಸಲ ಬೇಡ ಅಂದ. 1982ರಲ್ಲಿ ಅವನು ಹೋದ. ಹೆಂಡತಿ ರೂತ್, ಮಕ್ಕಳು ಮುಂದುವರಿಸಿದರು. 1998ರಲ್ಲಿ ಮುಖ ಮುಗಿಯಿತು. 87 ಅಡಿ ಚಿಲ್ಲರೆ ಎತ್ತರ, ಆ ನಾಲ್ವರ ಮುಖಕ್ಕಿಂತ ದೊಡ್ಡದು. ಕುದುರೆ ಇನ್ನೂ ಬಂಡೆಯೊಳಗೇ ಇದೆ. ಈಗ ಕೈ, ತೋಳಿನ ಕೆಲಸ ನಡೆಯುತ್ತಿದೆ.

ಜಗಲಿಯಲ್ಲಿ ಬಿಳಿ ಮಾದರಿ ನಿಲ್ಲಿಸಿದ್ದಾರೆ, ಹಿಂದೆ ನಿಜವಾದ ಬೆಟ್ಟ. ಎರಡನ್ನೂ ಒಂದೇ ನೋಟದಲ್ಲಿ ನೋಡಬಹುದು. ನಾನು ಅಲ್ಲೇ ತುಂಬಾ ಹೊತ್ತು ನಿಂತೆ. ಅಪ್ಪ ಬಂದು ಕರೆದರೂ ಕಾಲು ಬರಲಿಲ್ಲ.

ಇದಕ್ಕೂ ಬೇಡ ಅನ್ನುವ ಲಕೋಟಾ ಜನ ಇದ್ದಾರೆ. ದೇವರ ಬೆಟ್ಟವನ್ನು ಯಾರ ಹೆಸರಲ್ಲಿ ಒಡೆದರೂ ಒಡೆದದ್ದೇ ಅಲ್ವಾ? ಅದೂ ಕ್ರೇಜಿ ಹಾರ್ಸ್ ತನ್ನ ಫೋಟೋ ತೆಗೆಯಲು ಬಿಡದವನು. ಈ ಮುಖ ಶಿಲ್ಪಿಯ ಕಲ್ಪನೆ. ಅವರ ಮಾತಿನಲ್ಲಿ ನ್ಯಾಯವಿದೆ ಅಂತಲೇ ನನಗೆ ಅನ್ನಿಸುತ್ತದೆ. ಆದರೂ ಆ ಮೆಟ್ಟಿಲು ಹತ್ತಿದ ಮನುಷ್ಯನ ಮೇಲೆ ನನಗೆ ಕೋಪ ಬರಲಿಲ್ಲ. ನಿನಗೇನನ್ನಿಸುತ್ತದೆ, ನೋಡಿ ಬಂದು ಹೇಳು.

ಹೋದರೆ ಎರಡನ್ನೂ ಒಂದೇ ದಿನ ನೋಡು, ಒಂದನ್ನು ಮಾತ್ರ ನೋಡಿ ಬರಬೇಡ. ಕಸ್ಟರ್ ಪಾರ್ಕ್ ಕಡೆಯಿಂದ ಐರನ್ ಮೌಂಟನ್ ರಸ್ತೆಯಲ್ಲಿ ಉತ್ತರಕ್ಕೆ ಬಾ. ಸುರಂಗದ ಬಾಯಲ್ಲಿ ನಾಲ್ಕೂ ಮುಖ ಚೌಕಟ್ಟು ಹಾಕಿದ ಹಾಗೆ ಕಾಣುತ್ತವೆ. ಸುರಂಗ ಇಕ್ಕಟ್ಟು, ಒಂದೇ ಕಾರು ಹಿಡಿಯುವಷ್ಟು. ಹಾರ್ನ್ ಮಾಡಿ, ಎದುರು ಯಾರೂ ಬರುತ್ತಿಲ್ಲ ಅಂತ ನೋಡಿಕೊಂಡೇ ಒಳಗೆ ಹೋಗು. ಕಾಡೆಮ್ಮೆ ಥರದ ಬೈಸನ್‌ಗಳು ರಸ್ತೆಗೇ ಬರುತ್ತವೆ, ಕಾರಿನಿಂದ ಇಳಿಯಬೇಡ.

ಹೊರಡುವ ಮೊದಲು ಫೋನ್ ಮಾಡು.

ನಿನ್ನ,
ಅಮ್ಮ