ಟಿಕೆಟ್ ಫ್ರೀ ಕೊಟ್ರಿ ಸರಿ, ಬಸ್ ಎಲ್ಲಿ ಸಾರ್? ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ ಸಾರ್. ನಾನು ತುಮಕೂರು ಜಿಲ್ಲೆ ಉತ್ತರದ ಕಡೆ ಒಂದು ಹಳ್ಳಿಯೋಳು, ತಾಲೂಕು ಟೌನಲ್ಲಿ ಬಟ್ಟೆ ಅಂಗಡೀಲಿ ಬಿಲ್ಲಿಂಗ್ ಕೆಲಸ ಮಾಡ್ತೀನಿ. ಡಿಪೋಗೆ ನಾಲ್ಕು ಅರ್ಜಿ ಕೊಟ್ಟಾಯ್ತು, ಜನಸ್ಪಂದನದಲ್ಲಿ ಒಂದು ಕೊಟ್ಟಾಯ್ತು, ಅದರ ಸ್ವೀಕೃತಿ ಚೀಟಿ ಇನ್ನೂ ನನ್ನ ಪರ್ಸಲ್ಲೇ ಇದೆ, ಮಡಚಿ ಮಡಚಿ ಅಕ್ಷರ ಅಳಿಸೋಗಿದೆ. ಇನ್ನು ಯಾರಿಗೆ ಕೊಡೋದು ಅಂತ ಗೊತ್ತಾಗ್ದೆ ನಿಮಗೇ ಬರೀತಿದೀನಿ, ಎಲ್ರೂ ಓದ್ಲಿ ಅಂತ ಇಲ್ಲೇ ಬರೀತಿದೀನಿ.

ನಮ್ಮೂರಿಗೊಂದು ಹಾಲ್ಟಿಂಗ್ ಬಸ್ ಇತ್ತು. ರಾತ್ರಿ ಎಂಟೂವರೆಗೆ ಬಂದು ಅರಳಿಕಟ್ಟೆ ಪಕ್ಕ ನಿಲ್ತಿತ್ತು, ಡ್ರೈವರ್ ಕಂಡಕ್ಟರ್ ದೇವಸ್ಥಾನದ ಜಗಲೀಲಿ ಸೊಳ್ಳೆಬತ್ತಿ ಹಚ್ಕೊಂಡು ಮಲಗೋರು, ಮಳೆ ಬಂದ್ರೆ ಬಸ್ಸೊಳಗೇ. ಬೆಳಗ್ಗೆ ಆರೂವರೆಗೆ ಡ್ರೈವರಣ್ಣ ಇಂಜಿನ್ ಸ್ಟಾರ್ಟ್ ಮಾಡಿ ಬಿಡೋನು, ಆ ಗುರ್ ಅನ್ನೋ ಸೌಂಡ್ ಕೇಳ್ತಿದ್ದಂಗೆ ನಾವೆಲ್ಲ ಒಲೆ ಆರಿಸಿ ಜಡೆ ಹಾಕ್ಕೊಳ್ತಾ ಓಡೋದು, 6.40ಕ್ಕೆ ಬಸ್ ಹೊರಡೋದು. ಕಾಲೇಜು ಮಕ್ಕಳು, ಗಾರ್ಮೆಂಟ್ಸ್ ಹುಡ್ಗೀರು, ಹೂವಿನ ಮೂಟೆ, ತಪಾಲು ಚೀಲ ಎಲ್ಲ ಅದ್ರಲ್ಲೇ. ಕೊರೊನಾ ಟೈಮಲ್ಲಿ ಅದನ್ನ ನಿಲ್ಸಿದ್ರು. ಕೊರೊನಾ ಹೋಯ್ತು ಸಾರ್, ಬಸ್ ಮಾತ್ರ ಬರ್ಲಿಲ್ಲ.

ಈಗ ನಮಗೆ ಮೊದಲನೇ ಬಸ್ಸು 9.15ಕ್ಕೆ. ಅದೂ ಹಿಂದಿನ ಊರುಗಳಲ್ಲೇ ತುಂಬ್ಕೊಂಡು ಬರುತ್ತೆ, ನಿಲ್ಸಿದ್ರೆ ನಮ್ ಪುಣ್ಯ, ನಿಲ್ಸಿಲ್ಲ ಅಂದ್ರೆ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೈ ಆಡಿಸ್ತಾನೆ, ಹಿಂದೆ ಬರ್ತಿದೆ ಅಂತ. ಹಿಂದೆ ಯಾವ್ದೂ ಬರ್ತಿಲ್ಲ ಅಂತ ಅವನಿಗೂ ಗೊತ್ತು ನಮಗೂ ಗೊತ್ತು. ನನ್ನ ಅಂಗಡಿ ತೆಗೆಯೋದು 9ಕ್ಕೆ, ಮಗಳ ಕಾಲೇಜೂ 9ಕ್ಕೆ. ಅದಕ್ಕೆ ಇಬ್ರೂ ಲಗೇಜ್ ಆಟೋ ಹತ್ತುತೀವಿ, ತಲೆಗೆ 40 ರೂಪಾಯಿ, ತರಕಾರಿ ಕ್ರೇಟ್ ಮೇಲೆ ಕೂತ್ಕೊಂಡು. ಬರೋವಾಗ ಸಂಜೆ ಬಸ್ ಇದೆ, ಆಗ ಕಂಡಕ್ಟರ್ ಮರ್ಯಾದೆಯಾಗಿ ಶೂನ್ಯ ಟಿಕೆಟ್ ಹರಿದು ಕೊಡ್ತಾರೆ.

ಶಕ್ತಿ ಯೋಜನೆ ಬಗ್ಗೆ ನಂದೇನೂ ತಕರಾರಿಲ್ಲ, ದಯವಿಟ್ಟು ಇದನ್ನ ಓದಿ ಯಾರೂ ಫ್ರೀ ಕೊಟ್ಟಿದ್ದೇ ತಪ್ಪು ಅಂತ ಶುರು ಹಚ್ಕೋಬೇಡಿ. 2023 ಜೂನ್ 11ಕ್ಕೆ ಅದು ಶುರುವಾದಾಗ ನಮ್ಮತ್ತೆ ಜೀವಮಾನದಲ್ಲಿ ಮೊದಲನೇ ಸಲ ಯಾರ ಹತ್ರಾನೂ ದುಡ್ಡು ಕೇಳ್ದೆ ಧರ್ಮಸ್ಥಳಕ್ಕೆ ಹೋಗ್ಬಂದ್ರು. ನಾನು ಕೇಳ್ತಿರೋದು ಬೇರೆ. ಟಿಕೆಟ್ ಫ್ರೀ ಆಗ್ಬೇಕು ಅಂದ್ರೆ ಮೊದ್ಲು ಬಸ್ ಬರ್ಬೇಕಲ್ವಾ ಸ್ವಾಮಿ? ತಿಂಗಳಿಗೆ ನನಗೆ ಸಾವಿರ, ಮಗಳಿಗೆ ಸಾವಿರ ಬರೀ ಬೆಳಗಿನ ಆಟೋಗೆ ಹೋಗ್ತಿದೆ.

ಇನ್ನು ಆವತ್ತಿನ ವಿಷ್ಯ ಹೇಳ್ಳೇಬೇಕು. ಮಗಳದು ಸೆಕೆಂಡ್ ಪಿಯು ಫಿಸಿಕ್ಸ್ ಪ್ರಾಕ್ಟಿಕಲ್ ಇತ್ತು, ಹತ್ತು ಗಂಟೆ ಬ್ಯಾಚು. ಆವತ್ತು ಆಟೋದೋನ ಮನೇಲಿ ಸಾವಾಗಿತ್ತು, ಅವನು ಬರ್ಲಿಲ್ಲ. ಸರಿ 9.15ರ ಬಸ್ಸಿಗೆ ಹೋದ್ರೂ ಗೇಟಿಗೆ ಓಡೋಗಿ ಸೇರ್ಕೋಬೋದು ಅಂತ ನಾನೂ ಸ್ಟಾಪಿಗೆ ಬಂದೆ. ಒಂಬತ್ತೂಕಾಲಾಯ್ತು, ಒಂಬತ್ತೂವರೆ ಆಯ್ತು. ಮಗಳು ರೆಕಾರ್ಡ್ ಬುಕ್ ಎದೆಗವಚ್ಕೊಂಡು ರಸ್ತೆ ನೋಡ್ತಾನೇ ಇದ್ಲು, ಮಾತಿಲ್ಲ. ಆಮೇಲೆ ದೂರದಲ್ಲಿ ಕೆಂಪು ಬಸ್ ಕಾಣಿಸ್ತು, ಒಂದಲ್ಲ, ಸಾಲಾಗಿ ಆರು! ಅಷ್ಟು ಬಸ್ ನಮ್ಮ ರಸ್ತೇಲಿ ಒಟ್ಟಿಗೆ ನಾನು ನೋಡೇ ಇರ್ಲಿಲ್ಲ. ಕೈ ಅಡ್ಡ ಹಿಡಿದ್ವಿ, ಒಂದೂ ನಿಲ್ಲಲಿಲ್ಲ. ಮುಂದೆ ಗ್ಲಾಸಿಗೆ ‘ಒಪ್ಪಂದದ ಮೇರೆಗೆ’ ಅಂತ ಬೋರ್ಡು, ಕಿಟಕೀಲಿ ಬಾವುಟ, ಒಳಗೆ ಶಾಲು ಹಾಕ್ಕೊಂಡೋರು. ಸಮಾವೇಶಕ್ಕೆ ಜನ ಕರ್ಕೊಂಡು ಹೋಗ್ತಿದ್ವಂತೆ. ಆರರಲ್ಲಿ ಒಂದು ನಮ್ಮ 9.15ರ ಬಸ್ಸೇ, ಹಿಂದಿನ ಗ್ಲಾಸ್ ಒಡೆದೋಗಿ ತಗಡು ಹೊಡ್ದಿದಾರೆ, ಅದ್ರಿಂದ ಗುರ್ತು ಸಿಕ್ತು. ಕಿಟಕೀಲಿದ್ದ ಒಬ್ಬ ಹುಡ್ಗ ನಮ್ ಕಡೆ ನೋಡಿ ಜೈ ಅಂದ.

ಯಾವ ಪಕ್ಷ ಅಂತ ಬರೆಯಲ್ಲ. ಯಾರು ಮಾಡ್ದೇ ಬಿಟ್ಟಿದಾರೆ ಹೇಳಿ.

ಕೊನೆಗೆ ಹಾಲಿನ ವ್ಯಾನಿನೋನು ಹತ್ತಿಸ್ಕೊಂಡ. ತಲುಪಿದಾಗ ಹತ್ತೂಮುಕ್ಕಾಲು, ಬ್ಯಾಚ್ ಶುರುವಾಗಿ ಹೋಗಿತ್ತು. ಆ ಲೆಕ್ಚರರ್ ಮೇಡಂಗೆ ಪುಣ್ಯ ಬರ್ಲಿ, ಯಾರ್ಯಾರ ಹತ್ರಾನೋ ಮಾತಾಡಿ ಮಧ್ಯಾಹ್ನದ ಬ್ಯಾಚಿಗೆ ಸೇರಿಸಿದ್ರು. ಇಲ್ಲಾಂದ್ರೆ? ಅಷ್ಟು ಮಾರ್ಕ್ಸು ಬಾವುಟಕ್ಕೆ ಹೋಗಿರೋದು. ಡಿಪೋಗೆ ಹೋಗಿ ಕೇಳಿದ್ರೆ ಅಲ್ಲಿನೋರು ಏನಂದ್ರು ಗೊತ್ತಾ, ‘ಅಮ್ಮ, ಒಪ್ಪಂದದ ಬಸ್ಸಿಗೆ ದುಡ್ಡು ಬರುತ್ತೆ, ನಿಮ್ಮೂರ ರೂಟಲ್ಲಿ ಕಲೆಕ್ಷನ್ ಎಲ್ಲಿದೆ’ ಅಂತ. ಅವರಿಗೆ ಬೈದು ಏನ್ ಪ್ರಯೋಜನ, ಅವರಿಗೆ ಮೇಲಿಂದ ಕೇಳೋದೇ ಇಪಿಕೆಎಂ, ಒಂದು ಕಿಲೋಮೀಟರಿಗೆ ಎಷ್ಟು ದುಡಿದ್ರಿ ಅಂತ. ರಾತ್ರಿ ಬಂದು ಮಲಗೋ ಬಸ್ಸು ಯಾವ ಕಾಲಕ್ಕೆ ದುಡಿದೀತು ಸಾರ್.

ರೂಲ್ಸ್ ನಾನು ನಿಮಗೆ ಹೇಳ್ಕೊಡ್ಬೇಕಾ? ಸಾರಿಗೆ ನಿಗಮಗಳ 1950ರ ಕಾಯ್ದೆ 18ನೇ ಸೆಕ್ಷನ್ ನಿಮಗೆ ಬಾಯಿಪಾಠ ಇರುತ್ತೆ, ನಮ್ಮೂರ ರಿಟೈರ್ಡ್ ಮೇಷ್ಟ್ರು ನನಗೆ ಓದಿ ಹೇಳಿದ್ರು, ಸಾಕಾಗೋಷ್ಟು ಬಸ್ ಸೇವೆ ಕೊಡೋದು ನಿಗಮದ ಕರ್ತವ್ಯ ಅಂತಿದೆ. ಶಕ್ತಿಗೆ 2025-26ರ ಬಜೆಟ್ಟಲ್ಲಿ 5,300 ಕೋಟಿ ಇಟ್ರಿ. ಆದ್ರೆ ಅದು ನಾವು ಈಗಾಗ್ಲೇ ಓಡಾಡಿದ ಟಿಕೆಟ್ ದುಡ್ಡು, ಹೊಸ ಬಸ್ಸಿನ ದುಡ್ಡಲ್ಲ, ನಿಂತೋದ ಷೆಡ್ಯೂಲ್ ಮತ್ತೆ ಓಡ್ಸೋ ದುಡ್ಡಲ್ಲ. ಅದ್ರ ಮೇಲೆ 2025 ಜನವರಿ 5ರಿಂದ ಟಿಕೆಟ್ ರೇಟು 15 ಪರ್ಸೆಂಟ್ ಏರಿಸಿದ್ರಿ, ನಮ್ಮ ಯಜಮಾನರು ಕೊಡ್ತಿದಾರೆ. ಪಿಎಫ್, ಡೀಸೆಲ್ ಬಾಕಿ ತೀರ್ಸೋಕೆ ನಾಲ್ಕು ನಿಗಮಕ್ಕೂ ಸೇರಿ 2,000 ಕೋಟಿ ಸಾಲ ತಗೊಳ್ಳಿ ಅಂದ್ರಿ. 2025ರ ಆಗಸ್ಟಲ್ಲಿ ನೌಕರರು ಸಂಬಳ ಏರಿಕೆಯ 38 ತಿಂಗಳ ಬಾಕಿ ಕೊಡಿ ಅಂತ ಮುಷ್ಕರಕ್ಕೆ ಕೂತ್ರು. ಇಷ್ಟೆಲ್ಲಾ ಆದ್ಮೇಲೆ ಹಳ್ಳಿ ಬಸ್ ಯಾರ ದುಡ್ಡಲ್ಲಿ ಓಡ್ಬೇಕು? ನಿಗಮ ಸಾಲದಲ್ಲಿದೆ, ಮೊದ್ಲು ಕತ್ತರಿ ಬೀಳೋದು ನಮಗೇ.

ದುಡ್ಡಿಲ್ಲ ಅಂತ ಮಾತ್ರ ಹೇಳ್ಬೇಡಿ. ಬೆಂಗಳೂರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ, ಹತ್ತಿರ ಹತ್ತಿರ 17 ಕಿಲೋಮೀಟರು, 17 ಸಾವಿರ ಕೋಟಿಗೂ ಮೇಲೆ. ನಮ್ಮೂರಿಂದ ತಾಲೂಕಿಗೂ 17 ಕಿಲೋಮೀಟರೇ ಸಾರ್, ಸುರಂಗ ಬೇಡ, ರಸ್ತೆ ಇದೆ, ಒಂದು ಹಳೇ ಬಸ್ ಸಾಕು. ರೈಲಿನ ಮಾತು ಎತ್ತೋದೇ ಬೇಡ, ತುಮಕೂರು-ರಾಯದುರ್ಗ ಲೈನ್ ಮಂಜೂರಾಗಿದ್ದು 2007-08ರಲ್ಲಿ, ನನ್ನ ಮಗಳು ಹೊಟ್ಟೇಲಿದ್ಲು.

ನಾನು ಕೇಳೋದು ಇಷ್ಟು. ನಮ್ಮ 6.40ರ ಬಸ್ ವಾಪಸ್ ಕೊಡಿ. ಕಲೆಕ್ಷನ್ ಕಮ್ಮಿ ಇರೋ ಹಳ್ಳಿ ರೂಟುಗಳಿಗೆ ಅಂತಾನೇ ಬಜೆಟ್ಟಲ್ಲಿ ಬೇರೆ ದುಡ್ಡಿಡಿ, ಶಕ್ತಿ ದುಡ್ಡಲ್ಲಿ ಸೇರ್ಸಬೇಡಿ, ಬಸ್ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ನಿಗಮಕ್ಕೆ ಕೊಡಿ, ಓಡ್ದೇ ಇದ್ರೆ ಕೊಡ್ಬೇಡಿ. ಪರೀಕ್ಷೆ ದಿನಗಳಲ್ಲಿ ಹಳ್ಳಿ ಬಸ್ ಕಿತ್ಕೊಂಡು ಸಮಾವೇಶಕ್ಕೆ ಕಳ್ಸಬೇಡಿ, ಯಾರದೇ ಸಮಾವೇಶ ಆಗ್ಲಿ. ಆದ್ರೆ ಎಲ್ಲಕ್ಕಿಂತ ಮೊದ್ಲು ಆ 6.40ರ ಬಸ್. ಸಮಿತಿ ಮಾಡ್ತೀವಿ, ಸರ್ವೆ ಮಾಡಿಸ್ತೀವಿ ಅನ್ಬೇಡಿ, ಸರ್ವೆಗೆ ಬರೋರಿಗೂ ನಮ್ಮೂರಿಗೆ ಬೆಳಗ್ಗೆ ಬಸ್ಸಿಲ್ಲ.

ಮಗಳಿಗೆ ಇನ್ನೇನು ಥಿಯರಿ ಪರೀಕ್ಷೆ ಶುರುವಾಗುತ್ತೆ. ಆಟೋದೋನಿಗೆ ಈಗ್ಲೇ ಅಡ್ವಾನ್ಸ್ ಕೊಟ್ಟಿಟ್ಟಿದೀನಿ, ಪರೀಕ್ಷೆ ದಿನ ಮುಂದಿನ ಸೀಟು ಅವಳಿಗೇ ಅಂತ. ಅದಕ್ಕೆ 10 ರೂಪಾಯಿ ಜಾಸ್ತಿ ಅಂತೆ.

ಇಂತಿ,
ನಿಮ್ಮ ಶೂನ್ಯ ಟಿಕೆಟ್ ಪ್ರಯಾಣಿಕಳು (ಸಂಜೆ ಹೊತ್ತು ಮಾತ್ರ)