ಅಡ್ವಾನ್ಸ್ ಕೊಡುವ ಮುಂಚೆ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. 'ನಿನಗೇನು ಗೊತ್ತು' ಅಂತ ನಾನು ಅನ್ನಬಾರದಿತ್ತು. ನೀನು ಫೋನಿಟ್ಟ ಮೇಲೆ ಅಮ್ಮ ಎರಡು ಸಲ ಊಟಕ್ಕೆ ಕರೆದಳು, ನನಗೆ ಏಳಲಾಗಲಿಲ್ಲ. ಮಗಳು ಹುಬ್ಬಳ್ಳಿಯ ತಾರಿಹಾಳದಲ್ಲಿ ಸ್ವಂತ ಶೆಡ್ ಹಾಕ್ತಿದ್ದಾಳೆ ಅಂತ ಪೀಣ್ಯದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದವನು ನಾನು. ನಿನಗೆ ಮಾತ್ರ ಒಂದು ಒಳ್ಳೆ ಮಾತು ಹೇಳಲಿಲ್ಲ.

ಸೋಮವಾರ ಬೆಳಗಾವಿಗೆ ಹೋಗಿ ಶೀಟ್ ಬಗ್ಗಿಸುವ ಆ ಸೆಕೆಂಡ್ ಹ್ಯಾಂಡ್ ಬೆಂಡಿಂಗ್ ಮೆಷಿನ್‌ಗೆ ಅಡ್ವಾನ್ಸ್ ಕೊಡ್ತೀನಿ ಅಂದೆಯಲ್ಲ, ಅದರ ಫೋಟೋ ನೋಡಿದೆ. ಮೆಷಿನ್ನಿನ ನೇಮ್ ಪ್ಲೇಟ್ ಮೇಲೆ ಒತ್ತುವ ಶಕ್ತಿ 100 ಟನ್ ಅಂತಿದೆ. ಪೇಂಟ್ ಹೊಸದು. ಆ ಪೇಂಟೇ ನನ್ನ ನಿದ್ದೆ ಕೆಡಿಸಿದ್ದು.

ನನ್ನ ಮೊದಲ ಸೆಕೆಂಡ್ ಹ್ಯಾಂಡ್ ಮೆಷಿನ್ನೂ ಹೀಗೇ ಹೊಳೆಯುತ್ತಿತ್ತು. ನಿನಗಾಗ ಏಳು ವರ್ಷ. ಶಾಲೆ ಬಿಟ್ಟು ಬಂದು ಟೂಲ್ ಬಾಕ್ಸ್ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. 3 ಎಂಎಂ ಶೀಟು. ಎರಡು ತುದಿ 90 ಡಿಗ್ರಿ ಬಂತು, ಮಧ್ಯ ಮಾತ್ರ ಪೂರ್ತಿ ಬಗ್ಗದೆ ಬಾಯಿ ಬಿಟ್ಟಿತ್ತು. ಪ್ರೆಷರ್ ಸಾಲದು ಅಂತ, ಅದು ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ ಬಿಗಿ ಮಾಡಿದೆ. ಮೂರನೇ ಶೀಟಿಗೆ ಠಣ್ ಅಂತ ಸದ್ದು. ಸೈಡ್ ಫ್ರೇಮಿನ ಒಳಮೂಲೆಯಲ್ಲಿ ಯಾರೋ ಮಾಡಿದ್ದ ಹಳೇ ವೆಲ್ಡಿಂಗ್ ಬಿಟ್ಟುಕೊಂಡಿತ್ತು. ಮಾರಿದವರು ಪೇಂಟ್ ಬಳಿದು ಮುಚ್ಚಿದ್ದರು.

ನಿನ್ನ ಪೆನ್ಸಿಲ್ ಉರುಳಿಕೊಂಡು ನನ್ನ ಕಾಲಿನ ಹತ್ತಿರ ಬಂತು. ಅದನ್ನು ದಾಟಿಕೊಂಡು ನಾನು ಮೆಷಿನ್ ಕಡೆಗೆ ಓಡಿದೆ. ನಿನ್ನನ್ನು ಎತ್ತಿಕೊಂಡದ್ದು ಹೆಲ್ಪರ್ ಹುಡುಗ.

ಅದಕ್ಕೇ ಹೇಳ್ತೀನಿ, ಸ್ವಲ್ಪ ಕೇಳು. ಮಾರುವವರು ಒಂದಡಿ ತುಂಡು ಹಾಕಿ, ಒತ್ತಿ, ನೋಡಿ ಮೇಡಂ ಅಂತಾರೆ. 3 ಎಂಎಂ ಎಂಎಸ್, ಅಂದರೆ ಮಾಮೂಲಿ ಮೈಲ್ಡ್ ಸ್ಟೀಲ್, ಒಂದಡಿಗೆ ಏಳೆಂಟು ಟನ್ ಸಾಕು, ಯಾವ ಮೆಷಿನ್ನಾದರೂ ಬಗ್ಗಿಸುತ್ತದೆ. ನಿನ್ನ ಆರ್ಡರ್ ಎರಡೂವರೆ ಮೀಟರ್ ಉದ್ದದ್ದು. ಲೆಕ್ಕ ಹಾಕು: ದಪ್ಪವನ್ನು ದಪ್ಪದಿಂದಲೇ ಗುಣಿಸು, ಅದನ್ನು 65ರಿಂದ, ಆಮೇಲೆ ಮೀಟರ್ ಉದ್ದದಿಂದ ಗುಣಿಸು. ಬಂದದ್ದನ್ನು ಡೈ, ಅಂದರೆ ಶೀಟ್ ಕೂರುವ ಕೆಳಗಿನ ಅಚ್ಚು, ಅದರ ಬಾಯಿಯ ಅಗಲದಿಂದ ಭಾಗಿಸು. ಬಾಯಿ ದಪ್ಪದ ಎಂಟರಷ್ಟು, ಅಂದರೆ 24 ಎಂಎಂ. ಎಂಎಸ್‌ಗೆ 61 ಟನ್ ಬರುತ್ತದೆ. ನಿನ್ನದು ಎಸ್ಎಸ್, ಸ್ಟೇನ್‌ಲೆಸ್ ಸ್ಟೀಲ್, ಒಂದೂವರೆ ಪಟ್ಟು ಹಿಡಿ. 90 ದಾಟಿತು, ಅಲ್ವಾ?

ಈಗ ಆ 100 ನಿಜವಾ ನೋಡು. ಒತ್ತುವ ಸಿಲಿಂಡರ್ ಹೊರಗಿನ ಗಾತ್ರ ನೋಡಿ ಮೋಸ ಹೋಗಬೇಡ, ಬೋರ್, ಅಂದರೆ ಒಳಗಿನ ವ್ಯಾಸ ಕೇಳು. ಸೀಲ್ ಕಿಟ್ ಬದಲಿಸಿದ ಬಿಲ್ ಇದ್ದರೆ ಅದರಲ್ಲಿ ಸೈಜ್ ಇರುತ್ತದೆ. ಬೋರ್ 150 ಎಂಎಂ ಇದ್ದರೆ ಒಂದು ಸಿಲಿಂಡರ್‌ಗೆ 177 ಚದರ ಸೆಂಟಿಮೀಟರ್. ಎರಡು ಸೇರಿ, ಚದರ ಸೆಂಟಿಮೀಟರ್‌ಗೆ 200 ಕೆಜಿ ಪ್ರೆಷರ್ ಇದ್ದರೆ 70 ಟನ್ ಅಷ್ಟೇ. ಪ್ಲೇಟ್ ಏನೇ ಹೇಳಲಿ. ಪ್ರೆಷರ್ ಏರಿಸಿ ಕೊಡ್ತೀವಿ ಅಂದರೆ ಅಲ್ಲಿಂದ ಎದ್ದು ಬಾ.

ನಿನ್ನದೇ ಫುಲ್ ಲೆಂಗ್ತ್ ಶೀಟ್ ತಗೊಂಡು ಹೋಗು. ಮೊದಲು ತೆಳ್ಳಂದು ಬಗ್ಗಿಸಿ ಎರಡು ತುದಿ ಮತ್ತು ಮಧ್ಯ ಅಳೆ. ಅದರಲ್ಲೇ ಮಧ್ಯ ತೆರೆದಿದ್ದರೆ ಡೈಯೋ ಅದರ ಕೆಳಗಿನ ಬೆಡ್ಡೋ ಸವೆದಿದೆ. ತೆಳ್ಳಂದು ಸರಿ ಬಂದು 3 ಎಂಎಂ ಮಾತ್ರ ತೆರೆದರೆ ಲೋಡಿಗೆ ಬೆಡ್, ಮೇಲಿಂದ ಒತ್ತುವ ರ್ಯಾಮ್ ಬಾಗುತ್ತಿವೆ. ತುದಿಗೂ ಮಧ್ಯಕ್ಕೂ ಒಂದು ಡಿಗ್ರಿ ವ್ಯತ್ಯಾಸಕ್ಕೆ ಡೈ ಕೆಳಗೆ ಶಿಮ್, ಅಂದರೆ ತೆಳು ಪಟ್ಟಿ, ಹಾಕಿಕೊಳ್ಳಬಹುದು. ಮೂರು ಡಿಗ್ರಿ ಅಂದರೆ ಬೇಡ. ಫ್ರೇಮಿನ ಒಳಮೂಲೆಯ ಪೇಂಟ್ ಕೆರೆಯಲು ಕೇಳು. ಬಿಡಲ್ಲ ಅಂದರೆ ಅದೂ ಒಂದು ಉತ್ತರವೇ.

ಮತ್ತೆ ಪಾಠ ಶುರುವಾಯಿತು. ಕ್ಷಮಿಸು. ಈ ಲೆಕ್ಕ ನನಗಿಂತ ಬೇಗ ನೀನೇ ಹಾಕ್ತೀಯ, ಗೊತ್ತು. ಆ ದಿನ ನೀನು ಅತ್ತಿದ್ದೆಯಾ ಇಲ್ಲವಾ ಅನ್ನೋದೂ ನನಗೆ ಗೊತ್ತಿಲ್ಲ ಪುಟ್ಟಿ. ಬಿರುಕಿಗೆ ಬೆರಳಿಟ್ಟು ನಿಂತಿದ್ದೆ, ತಿರುಗಿಯೂ ನೋಡಲಿಲ್ಲ. ಹೆಲ್ಪರ್‌ನ ಕೇಳೋಣ ಅಂದುಕೊಂಡೆ, ಎಷ್ಟು ವರ್ಷವಾದರೂ ಕೇಳಲಿಲ್ಲ.

ಕೊರಿಯರ್‌ನಲ್ಲಿ ನನ್ನ ಪ್ರೊಟ್ರಾಕ್ಟರ್ ಇದೆ, ಇಟ್ಟುಕೋ. ಬಾ ಅಂದರೆ ಭಾನುವಾರ ರಾತ್ರಿ ಬಸ್ ಹತ್ತುತ್ತೇನೆ, ಸುಮ್ನೆ ಪಕ್ಕದಲ್ಲಿ ನಿಂತಿರುತ್ತೇನೆ. ಬೇಡ ಅಂದರೂ ಸರಿ. 3 ಎಂಎಂ ಹಾಕುವಾಗ ಮಾತ್ರ ಸೈಡ್ ಫ್ರೇಮ್ ಹತ್ತಿರ ನಿಲ್ಲಬೇಡ.

ನಿನ್ನ ಅಪ್ಪ